ಎಡೆದೊರೆ ನಾಡಿನ ಜನಪದ ವಸ್ತ್ರಗಳು: ಪರಂಪರೆಯಿಂದ ಕಿರು ಉದ್ದಿಮೆಯವರೆಗೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಭೂಭಾಗವು ಪ್ರಾಚೀನ ಕಾಲದಿಂದ ಎಡೆದೊರೆ ನಾಡು ಎಂದು ಹೆಸರಾಗಿದೆ. ಇಂದಿನ ರಾಯಚೂರು ಜಿಲ್ಲೆಯ ಬಹುಭಾಗ ಈ ನಾಡಿಗೆ ಸೇರುತ್ತದೆ. ಇಲ್ಲಿಯ ಕಪ್ಪು ಎರೆಮಣ್ಣು ಹತ್ತಿಗೆ ಹೇಳಿ ಮಾಡಿಸಿದ ನೆಲ. ಹಂಗಾಮಿನ ದಿನಗಳಲ್ಲಿ ದೇವದುರ್ಗ, ಮಾನ್ವಿ ಕಡೆಯಿಂದ ಹತ್ತಿ ತುಂಬಿದ ವಾಹನಗಳು ರಾಯಚೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಆ ಹತ್ತಿಯು ಜಿನ್ನಿಂಗ್ ಕಾರ್ಖಾನೆಗಳಲ್ಲಿ ಬೀಜದಿಂದ ಬೇರ್ಪಟ್ಟು, ಬೇಲುಗಳಾಗಿ ಬಿಗಿಯಲ್ಪಟ್ಟು, ಹೊರನಾಡುಗಳ ನೂಲಿನ ಗಿರಣಿಗಳಿಗೆ ಸಾಗಿಹೋಗುತ್ತದೆ. ಹೊಲದಲ್ಲಿ ಹತ್ತಿ ಬಿಡಿಸಿದ ಹೆಣ್ಣುಮಗಳು ಮಾತ್ರ ಸಂತೆಯಲ್ಲಿ ಕೃತಕ ನೂಲಿನ ಸೀರೆಯನ್ನು ಕೊಂಡು ಉಡುತ್ತಾಳೆ. ಹತ್ತಿಯ ನಾಡಿನಲ್ಲಿ ಬಟ್ಟೆಯು ಹೊರಗಿನಿಂದ ಬರುವ ಸರಕಾದದ್ದು ಹೇಗೆ, ಅಳಿದುಳಿದ ವಸ್ತ್ರಕೌಶಲಗಳ ಮೇಲೆ ಕಿರು ಉದ್ದಿಮೆಯೊಂದನ್ನು ಕಟ್ಟಲು ಸಾಧ್ಯವೆ, ಸಾಧ್ಯವಾದರೆ ಯಾವ ನಿಯಮಗಳ ಮೇಲೆ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಜಾನಪದ ಅಧ್ಯಯನವು ಬಹುಕಾಲ ಹಾಡು, ಕಥೆ, ಗಾದೆ, ಒಗಟುಗಳ ಸಂಗ್ರಹಕ್ಕೆ ಹೆಚ್ಚಿನ ಒತ್ತು ನೀಡಿತು. ಬಿತ್ತುವ ಪದ, ಬೀಸುವ ಪದಗಳು ದಾಖಲಾದಷ್ಟು ವಿವರವಾಗಿ ನೂಲುವ ಕೈ, ನೇಯುವ ಮಗ್ಗ, ಬಣ್ಣ ಅದ್ದುವ ಬಾನಿಗಳು ದಾಖಲಾಗಲಿಲ್ಲ. ಭೌತಿಕ ಸಂಸ್ಕೃತಿಯ ಅಧ್ಯಯನ ಬೆಳೆದಂತೆ ಈ ಕೊರತೆ ಕೆಲಮಟ್ಟಿಗೆ ತುಂಬಿತಾದರೂ, ವಸ್ತುವಿನ ವಿನ್ಯಾಸಕ್ಕೆ ಸಿಕ್ಕ ಗಮನ ಅದರ ಹಿಂದಿನ ಕೊಡುಕೊಳ್ಳುವಿಕೆಗೆ ಸಿಗಲಿಲ್ಲ. ಬಟ್ಟೆಯನ್ನು ಯಾರು ಯಾರಿಗೆ ಯಾವ ಕಟ್ಟುಪಾಡಿನ ಮೇಲೆ ಮಾಡಿಕೊಡುತ್ತಿದ್ದರು ಎಂಬುದು ತಿಳಿಯದೆ ಅದು ಏಕೆ ನಿಂತುಹೋಯಿತೆಂಬುದು ತಿಳಿಯುವುದಿಲ್ಲ.

ವಸ್ತ್ರದ ಸರಪಳಿ ಮತ್ತು ಸಮುದಾಯಗಳು

ಸಾಂಪ್ರದಾಯಿಕ ಗ್ರಾಮವ್ಯವಸ್ಥೆಯಲ್ಲಿ ಒಂದು ಬಟ್ಟೆ ಅನೇಕ ಸಮುದಾಯಗಳ ಕೈದಾಟಿ ಸಿದ್ಧವಾಗುತ್ತಿತ್ತು. ಒಕ್ಕಲಿಗರು ಹತ್ತಿ ಬೆಳೆದರು; ಪಿಂಜಾರರು ಕಮಾನಿನ ತಂತಿಯನ್ನು ಮೀಟಿ ಅರಳೆಯನ್ನು ಹಿಂಜಿದರು; ಮನೆಮನೆಯ ಹೆಣ್ಣುಮಕ್ಕಳು ಹಂಜಿಯಿಂದ ರಾಟಿಯಲ್ಲಿ ನೂಲು ತೆಗೆದರು; ದೇವಾಂಗ, ಕುರುಹಿನಶೆಟ್ಟಿ, ಪಟ್ಟಸಾಲಿ, ಪದ್ಮಸಾಲಿ ಮೊದಲಾದ ನೇಕಾರ ಸಮುದಾಯಗಳು ನೇಯ್ದವು; ನೀಲಗಾರರು ನೀಲಿಯ ಬಾನಿಯಲ್ಲಿ ಅದ್ದಿದರು; ಸಿಂಪಿಗರು ಹೊಲಿದರು. ಉಣ್ಣೆಯ ಬಟ್ಟೆಯಾದರೆ ಕುರಿ ಸಾಕುವುದರಿಂದ ಹಿಡಿದು ಕಂಬಳಿ ನೇಯುವವರೆಗಿನ ಬಹುತೇಕ ಕಾಯಕ ಕುರುಬ ಸಮುದಾಯದೊಳಗೇ ನಡೆಯುತ್ತಿತ್ತು.

ಈ ಪ್ರದೇಶದ ನೆನಪಿನಲ್ಲಿ ನೇಯ್ಗೆಗೆ ಗೌರವದ ಸ್ಥಾನವಿದೆ. ಬಸವಪೂರ್ವ ಯುಗದ ವಚನಕಾರ ಜೇಡರ ದಾಸಿಮಯ್ಯನ ಊರಾದ ಮುದನೂರು ಇಂದಿನ ಯಾದಗಿರಿ ಜಿಲ್ಲೆಯಲ್ಲಿದೆ. ದೇವದುರ್ಗ ಕೃಷ್ಣೆಯ ದಕ್ಷಿಣಕ್ಕಿದ್ದರೆ ಮುದನೂರು ನದಿಯ ಉತ್ತರಕ್ಕೆ ಅದೇ ಸೀಮೆಯ ನೆರೆಯಲ್ಲಿದೆ. ದಾಸಿಮಯ್ಯ ಬಹುಕಾಲ ನೇಯ್ದ ಅಪೂರ್ವ ವಸ್ತ್ರವನ್ನು ಜಂಗಮ ವೇಷದ ಶಿವನು ಬೇಡಿ ಪಡೆದು ಹರಿದುಹಾಕಿದನೆಂದೂ, ದಾಸಿಮಯ್ಯ ಸಿಡುಕದೆ ಸತ್ಕರಿಸಿದ್ದಕ್ಕೆ ಮೆಚ್ಚಿ ಬರಿದಾಗದ ತವನಿಧಿಯನ್ನು ಕರುಣಿಸಿದನೆಂದೂ ಐತಿಹ್ಯವಿದೆ. ಭಕ್ತಿಯ ನೆಲೆಯಲ್ಲಿ ಇದು ನಿರ್ಮೋಹದ ಕಥೆ. ವೃತ್ತಿ ಜಾನಪದದ ದೃಷ್ಟಿಯಿಂದ ನೋಡಿದರೆ ಮತ್ತೊಂದು ಅರ್ಥವೂ ಹೊಳೆಯುತ್ತದೆ: ನೇಕಾರನು ಕೊಟ್ಟದ್ದು ಬಟ್ಟೆ, ಪಡೆದದ್ದು ಅಕ್ಕಿಯ ಅಭಯ. ನೇಯುವವನ ಮನೆಯಲ್ಲಿ ಕಾಳು ಬತ್ತಬಾರದು ಎಂಬ ಸಮುದಾಯದ ಆಶಯವೇ ತವನಿಧಿಯ ಕಲ್ಪನೆಯಲ್ಲಿ ಅಡಗಿದೆ.

ವಾಸ್ತವದಲ್ಲಿ ಈ ಅಭಯವನ್ನು ಗ್ರಾಮದ ಸಂಬಂಧಗಳು ಒದಗಿಸುತ್ತಿದ್ದವು. ಕುರುಬರ ಮಂದೆ ಒಕ್ಕಲಿಗನ ಹೊಲದಲ್ಲಿ ರಾತ್ರಿ ತಂಗಿ ಗೊಬ್ಬರ ಕೊಡುತ್ತಿತ್ತು. ಒಕ್ಕಲಿಗನು ಕಾಳು ಕೊಡುತ್ತಿದ್ದನು. ಕಂಬಳಿ ಸುಗ್ಗಿಯ ಕಣದಲ್ಲಿ ಜೋಳಕ್ಕೆ ಬದಲಾಗುತ್ತಿತ್ತು. ಮದುವೆಯ ಆಯೇರಿ, ಸೀಮಂತದ ಕುಬಸ, ಉಡಿ ತುಂಬುವ ಕಣ, ತೊಟ್ಟಿಲಿನ ಕೂಸಿಗೆ ಕುಂಚಿಗೆ, ಬಾಣಂತಿಗೆ ಕೌದಿ ಹೀಗೆ ಹುಟ್ಟಿನಿಂದ ಸಾವಿನವರೆಗಿನ ಪ್ರತಿ ಆಚರಣೆಯೂ ಬಟ್ಟೆಯನ್ನು ಬೇಡುತ್ತಿತ್ತು. ನೇಯುವವನಿಗೆ ಕೊಳ್ಳುವವನು ಮೊದಲೇ ಗೊತ್ತಿದ್ದನು. ಈ ಮುಖ್ಯ ಅಂಶವನ್ನು ಮುಂದಿನ ಚರ್ಚೆಯುದ್ದಕ್ಕೂ ನೆನಪಿಡಬೇಕು.

ಸರಪಳಿ ತುಂಡಾದ ಬಗೆ

ಈ ವ್ಯವಸ್ಥೆ ಒಮ್ಮೆಲೇ ಕುಸಿಯಲಿಲ್ಲ. ಹೈದರಾಬಾದಿನ ನಿಜಾಮನು 1853ರ ಒಪ್ಪಂದದಂತೆ ಬೀರಾರಿನ ಜೊತೆಗೆ ರಾಯಚೂರು ದೋಆಬನ್ನೂ ಬ್ರಿಟಿಷರ ಆಡಳಿತಕ್ಕೆ ಬಿಟ್ಟುಕೊಟ್ಟನು. 1860ರಲ್ಲಿ ದೋಆಬ್ ಮರಳಿ ನಿಜಾಮನ ಕೈಸೇರಿತು. ಅದರ ಬೆನ್ನಿಗೇ 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಅಭಾವ ತಲೆದೋರಿದಾಗ ದಖ್ಖನಿನ ಹತ್ತಿಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂದಿತು. 1871ರಲ್ಲಿ ಮುಂಬಯಿ ಕಡೆಯ ಮತ್ತು ಮದರಾಸು ಕಡೆಯ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿಕೊಂಡವು. ಅಲ್ಲಿಂದ ಮುಂದೆ ಈ ಸೀಮೆಯ ಹತ್ತಿ ಬಂದರಿಗೆ ಹೋಗುವುದು ಸುಲಭವಾಯಿತು. ಗಿರಣಿಯ ನೂಲು, ಗಿರಣಿಯ ಬಟ್ಟೆ ಸಂತೆಗೆ ಬರುವುದೂ ಅಷ್ಟೇ ಸುಲಭವಾಯಿತು. ಮೊದಲು ಸೋತದ್ದು ನೂಲುವ ರಾಟಿ. 1897ರಲ್ಲಿ ಜರ್ಮನಿಯ ಕಾರ್ಖಾನೆಯಲ್ಲಿ ತಯಾರಾದ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ನೀಲಗಾರರ ಬಾನಿಗಳೂ ಒಂದೊಂದಾಗಿ ಒಣಗಿದವು.

ಹೊಲದಲ್ಲಿಯೂ ಬದಲಾವಣೆಗಳಾದವು. ಮಳೆಯಾಶ್ರಯದಲ್ಲಿ ಬೆಳೆಯುತ್ತಿದ್ದ ಗಿಡ್ಡ ಎಳೆಯ ದೇಸಿ ಹತ್ತಿಯ ಸ್ಥಾನವನ್ನು ಉದ್ದ ಎಳೆಯ ಅಮೆರಿಕನ್ ಜಾತಿಗಳೂ, ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿಯಂತಹ ಸಂಕರ ತಳಿಗಳೂ ಪಡೆದವು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ದೇಸಿ ಬೀಜ ಹೆಚ್ಚುಕಡಿಮೆ ಮರೆಯಾಯಿತು. ತುಂಗಭದ್ರಾ ಎಡದಂಡೆ ನಾಲೆಯಿಂದ ಮಾನ್ವಿಯ ಭಾಗಗಳಿಗೆ, ನಾರಾಯಣಪುರ ಬಲದಂಡೆ ನಾಲೆಯಿಂದ ದೇವದುರ್ಗದ ಭಾಗಗಳಿಗೆ ನೀರು ಬಂದಿತು. ನೀರಾವರಿ ರೈತರಿಗೆ ಆಸರೆಯಾಯಿತೆಂಬುದು ನಿಜ. ಆದರೆ ಭತ್ತದ ಗದ್ದೆಗಳು ಹಬ್ಬಿದಲ್ಲಿ ಕುರಿ ಮೇಯುವ ಬೀಳುಭೂಮಿ ಕಡಿಮೆಯಾಯಿತು. ಮಾಂಸದ ಬೆಲೆ ಏರಿದಂತೆ ಕುರಿಗಾರರು ಉಣ್ಣೆಯ ದಖ್ಖನಿ ಕುರಿಗೆ ಬದಲಾಗಿ ಕೂದಲು ಕುರಿಗಳನ್ನೂ ಮಿಶ್ರತಳಿಗಳನ್ನೂ ಸಾಕತೊಡಗಿದರು. ಒಂದು ಕಾಲಕ್ಕೆ ಉಣ್ಣೆಯೇ ಆದಾಯವಾಗಿದ್ದಲ್ಲಿ ಈಗ ಉಣ್ಣೆ ಕತ್ತರಿಸಲು ಕೂಲಿ ಕೊಡಬೇಕಾಗಿದೆ. ಕೊಳ್ಳುವವರಿಲ್ಲದ ಉಣ್ಣೆ ಬದುವಿನಲ್ಲಿಯೇ ಉಳಿಯುತ್ತದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿತು. ಬಿತ್ತನೆ ಕೈಕೊಟ್ಟ ವರ್ಷ ಇಲ್ಲಿಯ ಕುಟುಂಬಗಳು ಬೆಂಗಳೂರು, ಪುಣೆ ಮೊದಲಾದ ನಗರಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಗುಳೆ ಹೋಗುವ ಹೆಣ್ಣುಮಗಳ ಗಂಟಿನಲ್ಲಿ ಕೌದಿಯೊಂದು ಇದ್ದೇ ಇರುತ್ತದೆ. ಅದನ್ನು ಹೊಲಿದ ಕೈಗೆ ನಗರದಲ್ಲಿ ಸಿಗುವುದು ಇಟ್ಟಿಗೆ ಹೊರುವ ಕೆಲಸ. ವಸ್ತ್ರಕೌಶಲದ ಪ್ರಶ್ನೆ ಈ ನಾಡಿನಲ್ಲಿ ಕೇವಲ ಕಲೆಯ ಉಳಿವಿನ ಪ್ರಶ್ನೆಯಾಗದೆ ಊರಿನಲ್ಲಿ ಉಳಿಯುವ ಪ್ರಶ್ನೆಯೂ ಆಗಿರುವುದು ಈ ಕಾರಣಕ್ಕೆ.

ಉಳಿದಿರುವ ಕೌಶಲಗಳು

ಹತ್ತಿ ನೇಯ್ಗೆಯಲ್ಲಿ ಈ ಸುತ್ತಿನ ಹೆಸರಾಂತ ನೆಲೆಗಳು ಜಿಲ್ಲೆಯ ಅಂಚಿನ ಆಚೆಗಿವೆ. ಪಶ್ಚಿಮಕ್ಕೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲು, ಗುಳೇದಗುಡ್ಡಗಳೂ, ಪೂರ್ವಕ್ಕೆ ತೆಲಂಗಾಣದ ಗದ್ವಾಲವೂ ಪ್ರಸಿದ್ಧವಾಗಿವೆ. ದೇವದುರ್ಗ, ಮಾನ್ವಿ ಪರಿಸರದಲ್ಲಿ ವಿಶೇಷವಾಗಿ ಗಮನಿಸಬೇಕಾದವು ಕಂಬಳಿ, ಕೌದಿ ಮತ್ತು ಲಂಬಾಣಿ ಕಸೂತಿ ಎಂಬ ಮೂರು ಕೌಶಲಗಳು.

ಕಂಬಳಿಯು ಹಾಲುಮತ ಸಂಸ್ಕೃತಿಯ ಪವಿತ್ರ ವಸ್ತ್ರ. ಬೀರಪ್ಪ, ಮೈಲಾರಲಿಂಗರ ಆರಾಧನೆಯಲ್ಲಿ ಕಂಬಳಿಯ ಗದ್ದುಗೆ ಹಾಸುವುದು, ಗೊರವರು ಕರಿಕಂಬಳಿಯ ನಿಲುವಂಗಿ ತೊಡುವುದು ಇದಕ್ಕೆ ಸಾಕ್ಷಿ. ದೇವದುರ್ಗ ತಾಲೂಕಿನ ತಿಂಥಣಿ ಬ್ರಿಜ್‌ನಲ್ಲಿರುವ ಕನಕ ಗುರುಪೀಠವು ಹಾಲುಮತ ಸಂಸ್ಕೃತಿ ವೈಭವ ಎಂಬ ಉತ್ಸವವನ್ನು ನಡೆಸಿಕೊಂಡು ಬಂದಿದೆ. ಕಂಬಳಿಯ ತಯಾರಿಕೆಯ ಕ್ರಮ ಹೀಗಿದೆ: ವರ್ಷಕ್ಕೆ ಸಾಮಾನ್ಯವಾಗಿ ಎರಡು ಬಾರಿ ಉಣ್ಣೆ ಕತ್ತರಿಸಿ, ಕಪ್ಪು, ಕಂದು, ಬೂದು, ಬಿಳಿ ಎಂದು ಬೇರ್ಪಡಿಸುತ್ತಾರೆ. ಹಿಂಜಿದ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ. ಹಾಸುನೂಲಿಗೆ ಹುಣಸೆಬೀಜದ ಗಂಜಿಯನ್ನು ಸವರಿ ಒಣಗಿಸಿ, ಕುಣಿಮಗ್ಗದಲ್ಲಿ ಗಂಡಸರು ನೇಯುತ್ತಾರೆ. ಗಂಜಿಯಿಂದ ಹೊಸ ಕಂಬಳಿ ಬಿರುಸಾಗಿರುತ್ತದೆ, ಬಳಸಿದಂತೆ ಹದವಾಗುತ್ತದೆ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಕಣದಲ್ಲಿ ಹಾಸು, ಕಾಳಿಗೆ ಗಂಟು ಹೀಗೆ ಅದು ಕುರಿಗಾರನ ಸರ್ವೋಪಯೋಗಿ ಆಸ್ತಿ. 1985ರ ಕೈಮಗ್ಗ ಮೀಸಲು ಕಾಯಿದೆಯಡಿ ಕೈಮಗ್ಗಕ್ಕೇ ಮೀಸಲಾದ 11 ಬಗೆಯ ವಸ್ತ್ರಗಳಲ್ಲಿ ಕಂಬಳಿಯೂ ಒಂದು. ಕಾನೂನಿನ ಈ ರಕ್ಷಣೆ ಇದ್ದರೂ ಕೃತಕ ನೂಲಿನ ಅಗ್ಗದ ಹೊದಿಕೆಗಳು ಸಂತೆಯನ್ನು ತುಂಬಿದವು.

ಕೌದಿಯು ಜಾತಿ ಮತಗಳ ಗಡಿ ಮೀರಿದ ಹೆಣ್ಣುಮಕ್ಕಳ ಕಲೆ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರಪದರವಾಗಿ ಹಾಸಿ, ದಾರ ಓಡಿಸುವ ಸರಳ ಹೊಲಿಗೆಯಿಂದ ಕೂಡಿಸುತ್ತಾರೆ. ಅಜ್ಜಿಯ ಸೀರೆಯ ಸೆರಗು, ತೀರಿಹೋದವರ ಬಟ್ಟೆಯ ಚೂರು, ಮಗುವಿನ ಹಳೆಯ ಲಂಗ ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಕೌದಿ ಮನೆತನದ ಬರೆಯದ ಚರಿತ್ರೆಯೂ ಹೌದು. ಇನ್ನು ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯು ಕನ್ನಡಿ, ಕವಡೆ, ಬಣ್ಣದ ದಾರಗಳ ವೈಭವದಿಂದ ಪರಿಚಿತವಾಗಿದೆ. ಈ ಮೂರು ಕಲೆಗಳಿಗೂ ಹೆಚ್ಚಿನ ಯಂತ್ರ, ವಿದ್ಯುತ್ತು ಬೇಕಿಲ್ಲ. ಕೈಯ ಅನುಭವವೇ ಮುಖ್ಯ ಬಂಡವಾಳ.

ನೆರೆಯ ನಿದರ್ಶನಗಳು

ಕಿರು ಉದ್ದಿಮೆಯ ಸಾಧ್ಯತೆಗಳನ್ನು ಅರಿಯಲು ಕರ್ನಾಟಕದ ಮೂರು ನಿದರ್ಶನಗಳು ನೆರವಾಗುತ್ತವೆ. ಮೊದಲನೆಯದು ಇಳಕಲ್ಲಿನದು. ಟೋಪ್‌ತೆನಿ ಸೆರಗಿನ ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅಲ್ಲಿ ಅನೇಕ ನೇಕಾರರು ಮಗ್ಗದ ಸಾಹುಕಾರರಿಂದ ನೂಲು ಪಡೆದು ಮಜೂರಿಗೆ ನೇಯುತ್ತಾರೆ. ನೂಲಿನ ಚಿಂತೆ, ಮಾರಾಟದ ಚಿಂತೆ ನೇಕಾರನಿಗಿಲ್ಲ. ಬೆಲೆ ನಿಗದಿಯ ಅಧಿಕಾರವೂ ಅವನಿಗಿಲ್ಲ. ಹೆಸರು ಪಡೆದ ಬಟ್ಟೆಯಿಂದ ನೇಯುವವನ ಬದುಕು ತಾನಾಗಿ ಹಸನಾಗುವುದಿಲ್ಲ ಎಂಬುದನ್ನು ಇದು ತೋರಿಸುತ್ತದೆ.

ಎರಡನೆಯದು ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರ. 1980ರ ದಶಕದಲ್ಲಿ ಆರಂಭವಾದ ಈ ಸಂಸ್ಥೆ ತಾಂಡಾದ ಮಹಿಳೆಯರ ಕಸೂತಿಯನ್ನು ಇಂದಿನ ಉಡುಪು, ಚೀಲ, ಮನೆಬಳಕೆಯ ವಸ್ತುಗಳಿಗೆ ಹೊಂದಿಸಿತು. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಮನೆಯಲ್ಲಿ ಕುಳಿತು ಹೊಲಿಯುವ ಚದುರಿದ ಕೈಗಳನ್ನು ಒಂದು ಹೆಸರಿನಡಿ ಕೂಡಿಸಬಹುದೆಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಬಳಿಯ ಭೀಮನಕೋಣೆಯ ಚರಕ ಮಹಿಳಾ ಸಹಕಾರಿ ಸಂಘ. ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ರೂಪುಗೊಂಡ ಇದು ಬಣ್ಣಗಾರಿಕೆ, ನೇಯ್ಗೆ, ಅಚ್ಚು, ಹೊಲಿಗೆಗಳನ್ನು ಒಂದೇ ಸೂರಿನಡಿ ತಂದಿತು. ಅಡಕೆ ಬೇಯಿಸಿದ ಚೊಗರು ಅಲ್ಲಿಯ ಬಣ್ಣದ ಮೂಲವಾಯಿತು. ಮಾರಾಟಕ್ಕೆ ದೇಸಿ ಎಂಬ ಅಂಗಡಿಗಳು ನಿಂತವು. ಸ್ಥಳೀಯವಾಗಿ ಸಿಗುವ ಕಸವನ್ನೇ ರಸವಾಗಿಸಿದ ಈ ಮಾದರಿ ನಾಡಿನ ಗಮನ ಸೆಳೆಯಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಅವರು ಕರ ನಿರಾಕರಣೆಯ ಸತ್ಯಾಗ್ರಹ ನಡೆಸಿದರು. ಆದರೆ 2020ರ ಕೊರೋನಾ ಕಾಲದಲ್ಲಿ ಮಾರಾಟ ನಿಂತು, ದಾಸ್ತಾನು ಬೆಳೆದು, ಚರಕವು ತಾನು ಆರ್ಥಿಕ ಬಿಕ್ಕಟ್ಟಿನಲ್ಲಿರುವುದನ್ನು ಬಹಿರಂಗವಾಗಿ ಹೇಳಬೇಕಾಯಿತು. ಸದುದ್ದೇಶ, ಒಳ್ಳೆಯ ಬಟ್ಟೆ, ಒಳ್ಳೆಯ ಹೆಸರು ಮೂರೂ ಇದ್ದ ಸಂಸ್ಥೆಯೂ ದುಡಿಯುವ ಬಂಡವಾಳ ದಾಸ್ತಾನಿನಲ್ಲಿ ಸಿಕ್ಕಿಕೊಂಡರೆ ನಲುಗುತ್ತದೆ ಎಂಬ ಪಾಠವನ್ನು ಹೊಸದಾಗಿ ತೊಡಗುವವರು ಮರೆಯಬಾರದು.

ಲೆಕ್ಕದ ಮಾತು

ಜನಪದ ಕಲೆಯ ಚರ್ಚೆಯಲ್ಲಿ ರೂಪಾಯಿ ಪೈಸೆಯ ಲೆಕ್ಕ ತರುವುದನ್ನು ಕೆಲವರು ಮುಜುಗರದ ಸಂಗತಿಯೆಂದು ಭಾವಿಸುತ್ತಾರೆ. ಆದರೆ ಲೆಕ್ಕವಿಲ್ಲದ ಮೆಚ್ಚುಗೆಯಿಂದ ಕುಶಲಕರ್ಮಿಗೆ ಪ್ರಯೋಜನವಿಲ್ಲ. ಒಂದು ದೊಡ್ಡ ಕೌದಿಯನ್ನು ಹೊಲಿಯಲು ದಿನಕ್ಕೆ ಎಂಟು ಗಂಟೆಯಂತೆ 12 ದಿನ ಹಿಡಿಯುತ್ತದೆ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ಮನೆ, ಹೊಲದ ಕೆಲಸದ ನಡುವೆ ದಿನಕ್ಕೆ ಎರಡು ಗಂಟೆ ಬಿಡುವಾದರೆ ಇದೇ ಕೆಲಸಕ್ಕೆ 48 ದಿನ ಬೇಕಾಗುತ್ತದೆ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 349 ರೂಪಾಯಿ ಇತ್ತು. ಆ ದರದಂತೆ 12 ದಿನದ ಕೂಲಿಯೇ 4,188 ರೂಪಾಯಿ. ಬಟ್ಟೆಗೆ 400, ದಾರ, ತೊಳೆತ, ಸಾಗಣೆಗೆ 300 ರೂಪಾಯಿ ಸೇರಿಸಿದರೆ 4,888 ರೂಪಾಯಿ. ನಗರದ ಮಳಿಗೆ ಮಾರಾಟದ ಬೆಲೆಯಲ್ಲಿ ಶೇಕಡ 30ನ್ನು ತನ್ನ ಪಾಲಾಗಿ ಉಳಿಸಿಕೊಂಡರೆ ಕೌದಿಯ ಬೆಲೆ ಸುಮಾರು 7,000 ರೂಪಾಯಿಗೆ ಏರುತ್ತದೆ. ಅದೇ ಕೌದಿಯನ್ನು ಊರಿನಲ್ಲಿ 1,200 ರೂಪಾಯಿಗೆ ಕೊಟ್ಟರೆ, ಬಟ್ಟೆಯ 400 ಕಳೆದು, ಹೊಲಿದವಳಿಗೆ ಬೀಳುವುದು ದಿನಕ್ಕೆ 67 ರೂಪಾಯಿ ಮಾತ್ರ.

ಬಿಡುವಿನ ವೇಳೆಯ ಕೆಲಸಕ್ಕೆ ಕೂಲಿ ಏಕೆ ಎಂಬ ಮಾತು ಇಲ್ಲಿ ಆಗಾಗ ಕೇಳಿಬರುತ್ತದೆ. ಆ ಬಿಡುವು ನಿದ್ದೆಯಿಂದ, ವಿಶ್ರಾಂತಿಯಿಂದ ಕದ್ದ ಹೊತ್ತು. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಂತೆ ದೇಶದ 35.22 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ಶೇಕಡ 70ಕ್ಕೂ ಹೆಚ್ಚು ಮಂದಿ ಮಹಿಳೆಯರು. ಅವರ ಹೊತ್ತಿಗೆ ಬೆಲೆ ಕಟ್ಟದ ಉದ್ದಿಮೆ ಪರಂಪರೆಯ ಹೆಸರಿನಲ್ಲಿ ನಡೆಯುವ ಬಿಟ್ಟಿಚಾಕರಿಯಾಗುತ್ತದೆ. ಹಾಗಾದರೆ 7,000 ರೂಪಾಯಿಯ ಕೌದಿಯನ್ನು ಕೊಳ್ಳುವವರು ಎಷ್ಟು ಮಂದಿ? ಕೆಲವೇ ಮಂದಿ. ಆದ್ದರಿಂದ ದೊಡ್ಡ ಕೌದಿ ಮುಂಗಡ ಬೇಡಿಕೆಯ ಮೇಲೆ ಮಾತ್ರ ಸಿದ್ಧವಾಗಬೇಕು. ಮೂರು ದಿನದ ಕೆಲಸ ಬೇಡುವ, 1,047 ರೂಪಾಯಿ ಕೂಲಿಯ ಕೂಸಿನ ಕೌದಿ, ಕುಂಚಿಗೆ, ಚಾಪೆಯ ಗಾತ್ರದ ಹಾಸು, ಚೀಲಗಳು ನಿತ್ಯದ ವ್ಯಾಪಾರವನ್ನು ನಡೆಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಉದ್ದಿಮೆಗೂ ಸಲ್ಲುತ್ತದೆ.

ಹತ್ತಿಯ ಲೆಕ್ಕವೂ ಕಣ್ಣು ತೆರೆಸುವಂತಹದು. ಒಂದು ಕ್ವಿಂಟಲ್ ಬೀಜಹತ್ತಿಯಿಂದ ಸುಮಾರು 34 ಕಿಲೋ ಅರಳೆ ಸಿಗುತ್ತದೆ. ನೂಲುವಾಗ ಶೇಕಡ 15ರಷ್ಟು ನಷ್ಟವೆಂದು ಹಿಡಿದರೂ ಸುಮಾರು 29 ಕಿಲೋ ನೂಲಾಗುತ್ತದೆ; ಅರ್ಧ ಕಿಲೋ ತೂಕದ ಸೀರೆಗಳಾದರೆ ಸುಮಾರು 58. 2024-25ರಲ್ಲಿ ಉದ್ದ ಎಳೆಯ ಹತ್ತಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 7,521 ರೂಪಾಯಿ. ಅಂದರೆ ಒಂದು ಸೀರೆಯಲ್ಲಿ ಬೆಳೆದವನ ಪಾಲು ಸುಮಾರು 130 ರೂಪಾಯಿ. ಸಾವಿರಾರು ರೂಪಾಯಿಯ ಕೈಮಗ್ಗದ ಸೀರೆಯ ಉಳಿದ ಬೆಲೆಯೆಲ್ಲ ನೂಲು, ಬಣ್ಣ, ನೇಯ್ಗೆ, ಮಾರಾಟಗಳಲ್ಲಿ ಹುಟ್ಟುತ್ತದೆ. ಹತ್ತಿಯನ್ನು ಹತ್ತಿಯಾಗಿಯೇ ಹೊರಗೆ ಕಳಿಸುವ ನಾಡು ಈ ಉಳಿದ ಪಾಲನ್ನೆಲ್ಲ ಬಿಟ್ಟುಕೊಡುತ್ತಿದೆ.

ಹೆಸರು ಮತ್ತು ಸತ್ಯ

ನೈಸರ್ಗಿಕ, ಸಾಂಪ್ರದಾಯಿಕ, ಖಾದಿ, ಸಾವಯವ ಎಂಬ ಪದಗಳು ಇಂದಿನ ಮಾರುಕಟ್ಟೆಯಲ್ಲಿ ಸಡಿಲವಾಗಿ ಬಳಕೆಯಾಗುತ್ತಿವೆ. ಇವುಗಳ ನಡುವಣ ವ್ಯತ್ಯಾಸವನ್ನು ಉದ್ದಿಮೆದಾರರು ಖಚಿತವಾಗಿ ಅರಿತಿರಬೇಕು. ಕೈಯಿಂದ ನೂತ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಮಾತ್ರ ಖಾದಿ. ಗಿರಣಿ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ. ಖಾದಿಯ ಹೆಸರಿನಲ್ಲಿ ಮಾರಲು 2013ರ ನಿಯಮಾವಳಿಯಂತೆ ಖಾದಿ ಗುರುತಿನ ನೋಂದಣಿ ಅಗತ್ಯ. ಕೈಮಗ್ಗದ ಬಟ್ಟೆಗೆ 2006ರಿಂದ ಕೈಮಗ್ಗ ಗುರುತು ಇದೆ. ಬಿಟಿ ಹತ್ತಿಯ ಬಟ್ಟೆ ಹತ್ತಿಯದೇ ಆದರೂ ಸಾವಯವವಲ್ಲ; ಸಾವಯವ ಎನ್ನಲು ಹೊಲದಿಂದಲೇ ಪ್ರಮಾಣೀಕರಣ ಬೇಕು. ಕೌದಿಯ ವಿಷಯದಲ್ಲಿ ಇನ್ನೂ ಎಚ್ಚರ ಅಗತ್ಯ. ಇಂದು ಹಳ್ಳಿಯ ಹಳೆಯ ಸೀರೆಗಳಲ್ಲಿ ಬಹಳಷ್ಟು ಕೃತಕ ನೂಲಿನವು. ಅವುಗಳಿಂದ ಹೊಲಿದ ಕೌದಿ ಸಾಂಪ್ರದಾಯಿಕ ಕೈಕೆಲಸವೇನೋ ಹೌದು, ನೈಸರ್ಗಿಕ ವಸ್ತ್ರವಲ್ಲ. ನೈಸರ್ಗಿಕ ಎಂದು ಹೇಳಬೇಕಾದರೆ ಹತ್ತಿಯ ಹಳೆಯ ಬಟ್ಟೆಗಳನ್ನೇ ಆರಿಸಿ ಸಂಗ್ರಹಿಸಬೇಕು.

ಬಣ್ಣದ ಮಾತೂ ಹೀಗೆಯೇ. ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಮಂಜಿಷ್ಠ, ನೀಲಿ, ಮುತ್ತುಗದ ಹೂವು ಇವು ಪರಂಪರೆಯ ಬಣ್ಣದ ಮೂಲಗಳು. ಹತ್ತಿಗೆ ಬಣ್ಣ ಹಿಡಿಯಬೇಕಾದರೆ ಅಳಲೆಯಂತಹ ಒಗರು ಪದಾರ್ಥದಲ್ಲಿ ಅದ್ದಿ, ಸ್ಫಟಿಕದ ನೀರಿನಲ್ಲಿ ಹದಗೊಳಿಸುವುದು ರೂಢಿ. ಅಳಲೆಗೆ ಕಬ್ಬಿಣದ ನೀರು ಸೇರಿದರೆ ಕಪ್ಪು ಬರುತ್ತದೆ. ಅರಿಶಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ. ಮುತ್ತುಗದ ಬಣ್ಣವೂ ಬಹುಕಾಲ ನಿಲ್ಲದು. ಒಂದು ಬಾನಿಯ ಬಣ್ಣ ಇನ್ನೊಂದು ಬಾನಿಗೆ ಪೂರ್ತಿ ಹೊಂದುವುದಿಲ್ಲ. ಈ ಮಿತಿಗಳನ್ನು ಕೊಳ್ಳುವವರಿಗೆ ಮೊದಲೇ ತಿಳಿಸುವುದು ಒಳಿತು. ಕಂಬಳಿಗೆ ಈ ತೊಡಕು ಇಲ್ಲ. ಕುರಿಯ ಮೈಬಣ್ಣವೇ ಅದರ ಬಣ್ಣ. ಅದ್ದುವ, ಮಾಸುವ ಪ್ರಶ್ನೆಯೇ ಬಾರದು. ದಖ್ಖನಿ ಉಣ್ಣೆ ಒರಟಾದದ್ದರಿಂದ ಮೈಗೆ ಹೊದೆಯುವ ಮೃದು ಶಾಲುಗಳಿಗೆ ಅದು ತಕ್ಕುದಲ್ಲ. ನೆಲಹಾಸು, ಧ್ಯಾನದ ಆಸನ, ಚೀಲ, ಗೋಡೆಯ ಹಾಸುಗಳಿಗೆ ಅದರ ಗಡಸುತನವೇ ಗುಣವಾಗುತ್ತದೆ. ವಸ್ತುವಿನ ಸ್ವಭಾವಕ್ಕೆ ತಕ್ಕ ಬಳಕೆಯನ್ನು ಹುಡುಕುವುದೇ ಜಾಣತನ.

ಸಂಘಟನೆಯ ನೆಲೆ

ಮೇಲಿನ ವಿವೇಚನೆಯ ಹಿನ್ನೆಲೆಯಲ್ಲಿ ರಾಯಚೂರು, ದೇವದುರ್ಗ, ಮಾನ್ವಿಗಳನ್ನು ಬೆಸೆಯುವ ಉದ್ದಿಮೆಯೊಂದರ ರೂಪರೇಖೆಯನ್ನು ಹೀಗೆ ಗುರುತಿಸಬಹುದು. ದೇವದುರ್ಗದ ಕುರಿಗಾರರ ಹಟ್ಟಿಗಳು ಉಣ್ಣೆಯ ಮತ್ತು ನೇಯ್ಗೆಯ ನೆಲೆಯಾಗಬೇಕು. ಮಾನ್ವಿಯ ಹಳ್ಳಿ ತಾಂಡಾಗಳು ಕೌದಿ, ಕಸೂತಿಗಳ ನೆಲೆಯಾಗಬೇಕು. ರೈಲಿನ ಸಂಪರ್ಕವಿರುವ ರಾಯಚೂರು ನಗರವು ಸಂಗ್ರಹ, ತಪಾಸಣೆ, ಮಾರಾಟಗಳ ನೆಲೆಯಾಗಬೇಕು. ಗ್ರಾಮಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಈಗಾಗಲೇ ಇವೆ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆ ಉಳಿತಾಯದ ಶಿಸ್ತನ್ನು ಕಲಿಸಿದೆ. ಹತ್ತು ಹದಿನೈದು ಮಂದಿಯ ಇಂತಹ ಗುಂಪಿನಿಂದ ತೊಡಗಿ, ವ್ಯಾಪಾರ ಬೆಳೆದಂತೆ ಸಹಕಾರಿ ಸಂಘವಾಗಿ ನೋಂದಣಿ ಪಡೆಯುವುದು ಸೂಕ್ತ ಕ್ರಮ. ಮೊದಲ ದಿನವೇ ದೊಡ್ಡ ಸಾಲ, ದೊಡ್ಡ ಕಟ್ಟಡಗಳಿಗೆ ಕೈಹಾಕುವುದು ಅನುಚಿತ.

ಹಣದ ಶಿಸ್ತಿನಲ್ಲಿ ಮೂರು ನಿಯಮಗಳು ಮುಖ್ಯವಾಗುತ್ತವೆ. ಕೆಲಸ ಒಪ್ಪಿಸಿದ ದಿನವೇ ಕೂಲಿ ಸಲ್ಲಬೇಕು. ಮಾರಾಟವಾದ ಮೇಲೆ ಕೊಡುವೆವೆಂಬ ಮಾತು ಅಪಾಯವನ್ನೆಲ್ಲ ಬಡವರ ಹೆಗಲಿಗೆ ಹೊರಿಸುತ್ತದೆ. ಬೇಡಿಕೆಗೆ ಮೀರಿದ ದಾಸ್ತಾನು ಬೆಳೆಯದಂತೆ ಪ್ರತಿ ತಿಂಗಳು ಲೆಕ್ಕ ಹಾಕಬೇಕು. ಸರ್ಕಾರದ ರಿಯಾಯಿತಿ, ಸಹಾಯಧನಗಳು ಬಂದರೆ ಒಳಿತೆಂದು ಸ್ವೀಕರಿಸಬಹುದೇ ಹೊರತು ಅವುಗಳ ಮೇಲೆ ನಿತ್ಯದ ಕೂಲಿಯನ್ನು ನಿಲ್ಲಿಸಬಾರದು. ಯೋಜನೆಗಳು ಬರುತ್ತವೆ, ಹೋಗುತ್ತವೆ. 2020ರಲ್ಲಿ ಕೇಂದ್ರ ಸರ್ಕಾರವು ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದುಗೊಳಿಸಿದ್ದು ಇದಕ್ಕೆ ಉದಾಹರಣೆ.

ಮಾರುಕಟ್ಟೆಯನ್ನು ದೂರದ ನಗರಗಳಲ್ಲಿಯೇ ಹುಡುಕಬೇಕಾಗಿಲ್ಲ. ಜನಪದ ಜೀವನದ ಆಚರಣೆಗಳು ಇನ್ನೂ ಬತ್ತಿಲ್ಲ. ಸೀಮಂತ, ತೊಟ್ಟಿಲು, ಮದುವೆ, ಗೃಹಪ್ರವೇಶಗಳು ನಡೆಯುತ್ತಲೇ ಇವೆ. ತಿಂಥಣಿಯ ಮೌನೇಶ್ವರ, ದೇವಸೂಗೂರಿನ ಸೂಗೂರೇಶ್ವರ ಜಾತ್ರೆಗಳಿಗೆ ಜನ ಸೇರುತ್ತಲೇ ಇದ್ದಾರೆ. ರಾಯಚೂರಿನ ಒಂದು ಕುಟುಂಬ ತನ್ನ ಮನೆಯ ಹಳೆಯ ಹತ್ತಿ ಸೀರೆಗಳನ್ನೇ ಕೊಟ್ಟು, ಮೊಮ್ಮಗುವಿಗೆ ಕೌದಿ ಹೊಲಿಸಿಕೊಂಡರೆ ಬಟ್ಟೆಯ ಖರ್ಚು ಉಳಿಯುತ್ತದೆ, ದಾಸ್ತಾನಿನ ಭಯ ಇರುವುದಿಲ್ಲ, ಹೊಲಿದವಳಿಗೆ ಪೂರ್ತಿ ಕೂಲಿ ಸಲ್ಲುತ್ತದೆ. ಹೊಲಿದವರ ಊರು, ಹಿಡಿದ ದಿನ, ಕೊಟ್ಟ ಕೂಲಿ ಇವನ್ನು ಚೀಟಿಯಲ್ಲಿ ಬರೆದು ಕೌದಿಗೆ ಕಟ್ಟಿದರೆ ಕೊಳ್ಳುವವರಿಗೂ ಹೊಲಿದವರಿಗೂ ನಡುವೆ ಮತ್ತೆ ಪರಿಚಯ ಬೆಳೆಯುತ್ತದೆ.

ಉಪಸಂಹಾರ

ಎಡೆದೊರೆ ನಾಡಿನ ವಸ್ತ್ರಪರಂಪರೆ ಕ್ಷೀಣಿಸಿದ್ದು ಕೈಗಳು ಮರೆತದ್ದರಿಂದಲ್ಲ. ಹಿಂಜುವ, ನೂಲುವ, ಹೊಲಿಯುವ ಕೈಗಳು ಇಂದಿಗೂ ಹಟ್ಟಿ ತಾಂಡಾಗಳಲ್ಲಿವೆ. ತುಂಡಾದದ್ದು ಕೊಡುವವರಿಗೂ ಪಡೆಯುವವರಿಗೂ ನಡುವಣ ಸಂಬಂಧ. ಕಣದ ಜೋಳ, ಆಯೇರಿಯ ಕಟ್ಟುಪಾಡು, ಗೊತ್ತಿದ್ದ ಗಿರಾಕಿ ಇವು ನೀಡುತ್ತಿದ್ದ ಭರವಸೆಯನ್ನು ಇಂದಿನ ಉದ್ದಿಮೆ ಸಕಾಲದ ಕೂಲಿ, ಮುಂಗಡ ಬೇಡಿಕೆ, ನಿಜವಾದ ಹೆಸರುಗಳ ಮೂಲಕ ನೀಡಬೇಕಾಗಿದೆ. ಹಳೆಯ ವ್ಯವಸ್ಥೆಯಲ್ಲಿ ಜಾತಿಯ ಕಟ್ಟೂ ಇತ್ತು, ಹೆಣ್ಣಿನ ದುಡಿಮೆಗೆ ಲೆಕ್ಕವಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದುದರಿಂದ ಅದನ್ನು ಇದ್ದಂತೆಯೇ ಮರಳಿ ತರುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಅದರ ಭರವಸೆಯನ್ನು ಉಳಿಸಿಕೊಂಡು ಅನ್ಯಾಯವನ್ನು ಕೈಬಿಡುವುದು ಅನ್ವಯಿಕ ಜಾನಪದದ ಹೊಣೆ. ದೇವದುರ್ಗದ ಹೆಣ್ಣುಮಗಳೊಬ್ಬಳು ಗುಳೆಯ ಗಂಟು ಕಟ್ಟುವ ಬದಲು ಅದೇ ಕೌದಿಯನ್ನು ಅಂಗಳದಲ್ಲಿ ಹರಡಿಕೊಂಡು, ಮುಂದಿನ ವಾರದ ಬೇಡಿಕೆಗೆ ಸೂಜಿ ಪೋಣಿಸುವಂತಾದರೆ, ಅಷ್ಟರಮಟ್ಟಿಗೆ ದಾಸಿಮಯ್ಯನ ತವನಿಧಿಯ ಐತಿಹ್ಯ ಈ ಕಾಲದಲ್ಲಿಯೂ ಅರ್ಥವಂತವಾಗುತ್ತದೆ.